ಗೋಣು ಎತ್ತೋಕೂ ಇಎಂಐ!

ಈ ನಡುವೆ ಫೋನ್ ತೆರೆದರೆ ಸಾಕು, ಯಾರದೋ ಕುತ್ತಿಗೆ ಕಣ್ಣಿಗೆ ಬೀಳುತ್ತೆ. ಎಡಗಡೆ 'ಮೊದಲು', ಬಲಗಡೆ 'ನಂತರ'. ಎಡಗಡೆಯವರು ತಲೆ ತಗ್ಗಿಸಿ ಸಪ್ಪಗೆ ಕೂತಿರ್ತಾರೆ. ಬಲಗಡೆ ಅದೇ ಮನುಷ್ಯ ಗದ್ದ ಎತ್ತಿ, ಒಳ್ಳೇ ಬೆಳಕಲ್ಲಿ ನಗ್ತಿರ್ತಾನೆ. ಕೆಳಗೆ ನೆಕ್ ಲಿಫ್ಟ್, ಸುಲಭ ಕಂತು. ಗದ್ದ ಎತ್ತಿದರೆ ನನ್ನ ಕುತ್ತಿಗೆಯೂ ಹಂಗೇ ಕಾಣುತ್ತೆ, ಅದೂ ಕಂತಿಲ್ಲದೆ.

ಮಾಡಿಸಿಕೊಳ್ಳೋರ ಮೇಲೆ ನನಗೆ ಸಿಟ್ಟಿಲ್ಲ. ಅರವತ್ತು ದಾಟಿದವರೊಬ್ಬರು ಕನ್ನಡಿ ನೋಡಿ ಖುಷಿಪಟ್ಟರೆ ಯಾರ ಗಂಟು ಹೋಯ್ತು? ನನ್ನ ತಕರಾರು ಇದನ್ನು ಫೇಶಿಯಲ್ ಥರ ಮಾರೋರ ಮೇಲೆ.

ಅವರು ಹೇಳದ್ದನ್ನು ಕೇಳಿ. ಕಿವಿಯ ಹಿಂದೆ, ಬಹಳ ಸಲ ಗದ್ದದ ಕೆಳಗೂ ಕೊಯ್ತಾರೆ. ಚರ್ಮದಡಿಯ ಪ್ಲಾಟಿಸ್ಮಾ ಅನ್ನೋ ತೆಳು ಸ್ನಾಯುವನ್ನು ಬಿಗಿದು ಹೊಲಿದು, ಹೆಚ್ಚಾದ ಚರ್ಮ ಕತ್ತರಿಸ್ತಾರೆ. ಎರಡು ಮೂರು ಗಂಟೆ ಕೆಲಸ. ಆಮೇಲೆ ಗದ್ದಕ್ಕೆ ಬಿಗಿ ಪಟ್ಟಿ, ಕೆಲವರಿಗೆ ರಕ್ತ ಬಸಿಯೋ ನಳಿಕೆ. ಮೊದಲ ದಿನವೇ ದೊಡ್ಡ ಭಯ: ಒಳಗೆ ರಕ್ತ ತುಂಬಿ ಕುತ್ತಿಗೆ ಉಬ್ಬಿದರೆ ಮತ್ತೆ ಥಿಯೇಟರಿಗೆ ಓಡಬೇಕು. ಬಿಪಿ ಇದ್ದೋರಿಗೆ ಈ ಅಪಾಯ ಜಾಸ್ತಿ. ಸಿಗರೇಟು ಸೇದೋರಲ್ಲಿ ಚರ್ಮವೇ ಸತ್ತು ಕಪ್ಪಾಗಬಹುದು. ತುಟಿಯ ಮೂಲೆ ಎಳೆಯೋ ನರಕ್ಕೆ ಪೆಟ್ಟಾದರೆ ನಗು ಸೊಟ್ಟ. ಹೆಚ್ಚಿನವರಲ್ಲಿ ಸರಿಹೋಗುತ್ತೆ, ಎಲ್ಲರಲ್ಲೂ ಅಲ್ಲ. ಸುಮಾರು ಎರಡು ವಾರ ಊತ, ನೀಲಿಗಟ್ಟಿದ ಚರ್ಮ, ತಲೆ ಎತ್ತರಿಸಿ ಅಂಗಾತ ನಿದ್ದೆ. ಜಿಮ್ ಮೂರ್ನಾಲ್ಕು ವಾರ ಬಂದ್. ಕಿವಿ ಸುತ್ತಲಿನ ಜೋಮು ತಿಂಗಳುಗಟ್ಟಲೆ ಇರಬಹುದು. ಇಷ್ಟಾದ ಮೇಲೂ ವಯಸ್ಸು ನಿಲ್ಲಲ್ಲ.

ಇದನ್ನು ಇಪ್ಪತ್ತೆಂಟರ ಹುಡುಗ ಹುಡುಗಿಯರಿಗೂ ತೋರಿಸ್ತಾರಲ್ಲ, ಅದಕ್ಕೆ ಏನನ್ನಬೇಕು? ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂತರೆ ಬರೋ ಗೆರೆಗೆ 'ಟೆಕ್ ನೆಕ್' ಅಂತ ಹೆಸರು ಬೇರೆ. ನೆಕ್ ಲಿಫ್ಟ್ ಇರೋದು ಜೋತುಬಿದ್ದ ಚರ್ಮಕ್ಕೆ, ಸಡಿಲಾದ ಸ್ನಾಯುವಿಗೆ. ಬಗ್ಗಿ ಕೂರೋ ಚಾಳಿಗೆ ಅಲ್ಲ. ಗಜೇಂದ್ರಗಡದ ನೇಕಾರರು ಮಗ್ಗದ ಮುಂದೆ ಜೀವಮಾನವಿಡೀ ಗೋಣು ಬಗ್ಗಿಸಿದೋರು. ಅವರ ನೋವಿಗೆ ಯಾರೂ ಚಂದದ ಹೆಸರಿಡಲಿಲ್ಲ. ಕ್ರೆಡಿಟ್ ಕಾರ್ಡ್ ಇಲ್ಲ ನೋಡ್ರಿ.

2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಲ್ಲಿ ಕೊಬ್ಬು ತೆಗೆಸೋ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ವಯಸ್ಸು 21. ಅದು ಬೇರೆ ಶಸ್ತ್ರಚಿಕಿತ್ಸೆ, ನಿಜ. ಆದರೆ ಅಂದಕ್ಕೆ ಅಂತ ಹಿಡಿದ ಕತ್ತಿಯೂ ಕತ್ತಿಯೇ.

ಈ ಜಾಹೀರಾತುಗಳ ಇನ್ನೊಂದು ಅನ್ಯಾಯ ನಮ್ಮ ರೋಣ, ನರಗುಂದದ ಕಡೆ ಕಾಣುತ್ತೆ. ಅಲ್ಲೂ ಕುತ್ತಿಗೆಗೆ ಪ್ಲಾಸ್ಟಿಕ್ ಸರ್ಜರಿ ಬೇಕಾದವರು ಇದ್ದಾರೆ. ಸ್ಟೋವ್ ಸಿಡಿದೋ, ಸೆರಗಿಗೆ ಒಲೆಯ ಬೆಂಕಿ ಹತ್ತಿಯೋ ಸುಟ್ಟುಕೊಂಡವರು. ಗಾಯ ಒಣಗ್ತಾ ಚರ್ಮ ಕುಗ್ಗಿ, ಗದ್ದವನ್ನು ಎದೆಗೆ ಎಳೆದು ಕಟ್ಟಿಬಿಡುತ್ತೆ. ತಲೆ ಎತ್ತಿ ಮುಗಿಲು ನೋಡೋಕಾಗಲ್ಲ, ಬಾಯಿ ಪೂರ್ತಿ ಮುಚ್ಚೋಕಾಗಲ್ಲ. ಇದಕ್ಕೆ ಚಿಕಿತ್ಸೆ ಇದೆ. ಬಿಗಿದ ಚರ್ಮ ಬಿಡಿಸಿ, ತೊಡೆಯ ಚರ್ಮ ಕಸಿ ಮಾಡಿ, ಮತ್ತೆ ಕುಗ್ಗದಂತೆ ತಿಂಗಳುಗಟ್ಟಲೆ ಕೊರಳಪಟ್ಟಿ ಹಾಕಿಸ್ತಾರೆ. ತಾಲೂಕು ಆಸ್ಪತ್ರೆಯಲ್ಲಿ ಇದು ಆಗಲ್ಲ, ಹುಬ್ಬಳ್ಳಿ ಕಡೆ ಹೋಗಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯ ಇದೆ, ಸುಟ್ಟ ಗಾಯದ ಇಂಥ ಶಸ್ತ್ರಚಿಕಿತ್ಸೆಯೂ ಅದರೊಳಗೆ ಬರುತ್ತೆ. ಆದರೆ ಮಾತೆತ್ತಿದರೆ, 'ಪ್ಲಾಸ್ಟಿಕ್ ಸರ್ಜರಿನಾ? ಅದೆಲ್ಲಾ ಸಿನಿಮಾದವರಿಗೆ ಬಿಡ್ರಿ' ಅಂತಾರ. ಆ ಪದವನ್ನು ಶೋಕಿ ಮಾಡಿಟ್ಟೋರು ಯಾರು?

ಈ ವಿದ್ಯೆ ಹುಟ್ಟಿದ್ದೇ ಶೋಕಿಗಲ್ಲ. ಮೂರನೇ ಮೈಸೂರು ಯುದ್ಧದಲ್ಲಿ ಬ್ರಿಟಿಷರ ಪರ ಗಾಡಿ ಹೊಡೀತಿದ್ದ ಕವಾಸ್ಜಿ ಟಿಪ್ಪು ಸೈನ್ಯದ ಕೈಗೆ ಸಿಕ್ಕಿ ಮೂಗು ಕಳಕೊಂಡ. ನಮ್ಮ ದೇಸಿ ವೈದ್ಯನೊಬ್ಬ ಹಣೆಯ ಚರ್ಮದಿಂದ ಅವನಿಗೆ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅದು ಅಚ್ಚಾದ ಮೇಲೇ ಇಂಗ್ಲೆಂಡಿನವರು ಕಲಿತಿದ್ದು. ಕಳಕೊಂಡವನಿಗೆ ಮುಖ ವಾಪಸ್ ಕೊಡೋದು ಅದರ ಮೊದಲ ಕೆಲಸ.

ನೀವು ಕ್ಲಿನಿಕ್ಕಿಗೆ ಹೋಗೋದಾದ್ರೆ ಹೋಗಿ. ಆದರೆ ಕೇಳಿ: ಕತ್ತಿ ಹಿಡಿಯೋರಿಗೆ ಪ್ಲಾಸ್ಟಿಕ್ ಸರ್ಜರಿಯ ಎಂಸಿಎಚ್ ಅಥವಾ ಡಿಎನ್‌ಬಿ ಇದೆಯಾ? ಅರಿವಳಿಕೆ ತಜ್ಞರು ಯಾರು? ಐಸಿಯು ಎಲ್ಲಿ? ರಾತ್ರಿ ಎರಡಕ್ಕೆ ಕುತ್ತಿಗೆ ಉಬ್ಬಿದರೆ ಫೋನ್ ಎತ್ತೋರು ಯಾರು? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ, ಸುಟ್ಟ ಕುತ್ತಿಗೆ ಮುಚ್ಚೋಕೆ ಸೆರಗು ಹೊದ್ದು ಮೂಲೆಯಲ್ಲಿ ಕೂತವರು ಕಂಡರೆ, ಇದು ಹಣೆಬರಹ ಅಲ್ಲ, ಚಿಕಿತ್ಸೆ ಐತಿ ಅಂತ ಹೇಳಿ. ಒಂದು ರೀಲ್ ನೋಡೋಷ್ಟು ಹೊತ್ತೂ ಹಿಡಿಯಲ್ಲ.