ಮನೆವಾರ್ತೆ: ಮೀಟರನ್ನು ಓಡಿಸುವವರು ಯಾರು?

ವಿದ್ಯುತ್ ಬಿಲ್ಲು ಬಂದ ದಿನ ಅನೇಕ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವವರು ಮಕ್ಕಳು. ಸದಾ ಮೊಬೈಲನ್ನು ಚಾರ್ಜಿಗೆ ಹಾಕಿರುತ್ತಾರೆ, ಟೀವಿಯ ಮುಂದಿನಿಂದ ಏಳುವುದಿಲ್ಲ ಎಂಬುದು ಹಿರಿಯರ ದೂರು. ಈ ದೂರಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯುವುದು ಲೇಸು.

ಲೆಕ್ಕವೇನೂ ಕಠಿಣವಲ್ಲ. ಉಪಕರಣದ ಮೇಲೆ ಬರೆದಿರುವ ವ್ಯಾಟ್ ಸಂಖ್ಯೆಯನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಿ, 1000ದಿಂದ ಭಾಗಿಸಿದರೆ ದೊರೆಯುವುದೇ ಯೂನಿಟ್ಟು.

ಮೊಬೈಲನ್ನು ಒಮ್ಮೆ ಪೂರ್ತಿ ತುಂಬಿಸಲು, ಚಾರ್ಜರಿನಲ್ಲಿ ಪೋಲಾಗುವುದೂ ಸೇರಿ, ಸುಮಾರು 25 ವ್ಯಾಟ್-ಗಂಟೆ ಸಾಕು. ನಿತ್ಯವೂ ತುಂಬಿಸಿದರೆ ತಿಂಗಳಿಗೆ ಮುಕ್ಕಾಲು ಯೂನಿಟ್ಟು ಮಾತ್ರ. 50 ವ್ಯಾಟಿನ ಎಲ್‌ಇಡಿ ಟೀವಿಯನ್ನು ದಿನಕ್ಕೆ 5 ಗಂಟೆ ನೋಡಿದರೆ ಏಳೂವರೆ ಯೂನಿಟ್ಟು. ಆದರೆ ಅದರ ಬಳಿಯಿರುವ ಸೆಟ್‌ಟಾಪ್ ಬಾಕ್ಸು 10 ವ್ಯಾಟಿನದಾಗಿದ್ದು ಹಗಲಿರುಳು ಉರಿಯುತ್ತಿದ್ದರೆ, ಅದೊಂದೇ 7 ಯೂನಿಟ್ಟಿಗೂ ಮಿಗಿಲಾಗಿ ಕಬಳಿಸುತ್ತದೆ! ರಿಮೋಟನ್ನು ಒತ್ತಿದರೆ ಸಾಲದು, ಗೋಡೆಯ ಸ್ವಿಚ್ಚನ್ನೂ ಆರಿಸಬೇಕು.

ಇನ್ನು ಬಚ್ಚಲುಮನೆಗೆ ಬರೋಣ. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಷ್ಟು ಬಿಸಿಮಾಡಲು ಹತ್ತಿರ ಹತ್ತಿರ ಅರ್ಧ ಯೂನಿಟ್ಟು ಬೇಕು. ನಾಲ್ವರು ನಿತ್ಯ ಒಂದೊಂದು ಬಕೆಟ್ ಸ್ನಾನ ಮಾಡಿದರೆ ತಿಂಗಳಿಗೆ ಸುಮಾರು 55 ಯೂನಿಟ್ಟು. ಮಗನ ಮೊಬೈಲನ್ನು ದೂರಿದ ತಂದೆ ಒಂದು ಸ್ನಾನಕ್ಕೆ ಬಳಸುವ ವಿದ್ಯುತ್ತಿನಲ್ಲಿ ಆ ಮೊಬೈಲು 18 ಬಾರಿ ತುಂಬುತ್ತದೆ.

ಇದರಿಂದ ಒಂದು ಸೂತ್ರ ಹೊರಡುತ್ತದೆ: ಕಾಯಿಸುವ ಉಪಕರಣವು ಹೆಚ್ಚು ಉಣ್ಣುತ್ತದೆ, ಬೆಳಕು ಮತ್ತು ಸದ್ದು ಕೊಡುವುದು ಕಡಿಮೆ ಉಣ್ಣುತ್ತದೆ. ತಿರುಗುವ ಉಪಕರಣದ ವಿಷಯದಲ್ಲಿ ಗಂಟೆಗಳನ್ನು ನೋಡಬೇಕು. 750 ವ್ಯಾಟಿನ ಮಿಕ್ಸಿ ದಿನಕ್ಕೆ 10 ನಿಮಿಷ ಗರ್ಜಿಸಿದರೂ ತಿಂಗಳಿಗೆ 4 ಯೂನಿಟ್ಟು ಮೀರದು. 75 ವ್ಯಾಟಿನ ಸದ್ದಿಲ್ಲದ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ 22 ಯೂನಿಟ್ಟು ದಾಟುತ್ತದೆ. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ 9 ಯೂನಿಟ್ಟೇ ಸಾಕು. ಫ್ರಿಜ್ಜು ನಡೆನಡೆದು ನಿಲ್ಲುವುದರಿಂದ ಈ ಗುಣಾಕಾರ ಅದಕ್ಕೆ ಒಗ್ಗದು. ಅದರ ನಕ್ಷತ್ರ ಚೀಟಿಯಲ್ಲಿ ಮುದ್ರಿಸಿದ ವಾರ್ಷಿಕ ಯೂನಿಟ್ಟನ್ನು 12ರಿಂದ ಭಾಗಿಸಿ ನೋಡಬೇಕು.

2023ರ ಆಗಸ್ಟಿನಲ್ಲಿ ಗೃಹಜ್ಯೋತಿಯ ಶೂನ್ಯ ಬಿಲ್ಲುಗಳು ಬರತೊಡಗಿದ ಮೇಲೆ ನಮ್ಮ ರಾಜ್ಯದಲ್ಲಿ ಈ ಲೆಕ್ಕಕ್ಕೆ ಹೊಸ ಬೆಲೆ ಬಂದಿತು. ಆ ಯೋಜನೆಯ ನಿಯಮದಂತೆ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿ ಒಂದು ಮಿತಿಯುಂಟು. ಆ ಮಿತಿ ದಾಟಿದರೆ ಹೆಚ್ಚಿನದಕ್ಕೆ ಹಣ ತೆರಬೇಕು. ಬಳಕೆ 200 ಯೂನಿಟ್ಟು ಮೀರಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಅಂಚಿನಲ್ಲಿರುವ ಕುಟುಂಬಕ್ಕೆ ಹತ್ತು ಯೂನಿಟ್ಟಿನ ಅಜಾಗರೂಕತೆ ದುಬಾರಿಯಾದೀತು.

ಆದುದರಿಂದ ಗೀಸರನ್ನು ಸ್ನಾನಕ್ಕೆ ತುಸು ಮೊದಲು ಹಾಕಿ, ಒಬ್ಬರ ಹಿಂದೊಬ್ಬರು ಮಿಂದು, ಕೂಡಲೇ ಆರಿಸುವ ರೂಢಿ ಮಾಡಿಕೊಳ್ಳಿರಿ. ಬಿಸಿಲು ಬೀಳುವ ಮಾಳಿಗೆಯಿದ್ದವರು ಸೌರ ಹಂಡೆಯ ವಿಚಾರ ಮಾಡಬಹುದು. ಮಕ್ಕಳ ಕೈಗೆ ಕಾಗದ, ಪೆನ್ಸಿಲು ಕೊಟ್ಟು, ಒಂದು ವಾರ ಬೆಳಿಗ್ಗೆ ಸಂಜೆ ಮೀಟರಿನ ಅಂಕಿ ಬರೆದಿಡಲು ಹೇಳಿರಿ. ಮನೆಯಲ್ಲಿ ಯಾರನ್ನು ಗದರಿಸಬೇಕೆಂಬುದನ್ನು ಅವರೇ ಲೆಕ್ಕ ಮಾಡಿ ತಿಳಿಸುವರು.