ಡಯಲ್ ಬದಲಿಸಿದ ಮಾತ್ರಕ್ಕೆ ಗಡಿಯಾರ ಸುಳ್ಳಾಗದು

ಹಳೆಯ ಚಾವಿ ಗಡಿಯಾರಗಳನ್ನು ಬಿಚ್ಚಿ ತೊಳೆದು, ಸವೆದ ಭಾಗ ಬದಲಿಸಿ, ಮತ್ತೆ ಕೈಗೆ ಕಟ್ಟಿಕೊಳ್ಳುವ ನಮ್ಮಂಥವರ ಮೇಲೆ ಎರಡು ಕಡೆಯಿಂದ ಟೀಕೆ ಬರುತ್ತದೆ. ಕಟ್ಟಾ ಸಂಗ್ರಾಹಕರು ನಮ್ಮನ್ನು ಹಳೆಯದನ್ನು ಕೆಡಿಸುವವರು ಎನ್ನುತ್ತಾರೆ. ಗಡಿಯಾರದ ಗೊಡವೆಯೇ ಬೇಡವೆನ್ನುವವರು ಇದನ್ನು ಹೊಟ್ಟೆ ತುಂಬಿದವರ ಶೋಕಿ ಎನ್ನುತ್ತಾರೆ. ಹಳೆಯ ಶೈಲಿಯ ಕೇಸಿನಲ್ಲಿ ಹೊಸ ಯಂತ್ರ ಕೂಡಿಸುವವರಿಗಂತೂ ‘ಡುಪ್ಲಿಕೇಟ್ ಮಂದಿ’ ಎಂಬ ಹಣೆಪಟ್ಟಿ ಬಿದ್ದಿದೆ. ಈ ಮಾತುಗಳಲ್ಲಿ ಕೆಲವು ನ್ಯಾಯವಾದವು, ಹೆಚ್ಚಿನವು ಅಲ್ಲ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಗಡಿಯಾರದ ಭಾಗ ಬದಲಿಸುವುದರಲ್ಲಿ ಮೋಸವಿಲ್ಲ, ಬದಲಿಸಿದ್ದನ್ನು ಮುಚ್ಚಿಟ್ಟು ಮಾರುವುದರಲ್ಲಿ ಇದೆ. ಉಳಿದ ಎಲ್ಲ ಉತ್ತರಗಳೂ ಇದರಿಂದಲೇ ಹೊರಡುತ್ತವೆ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹಳೆಯ ಗಡಿಯಾರ ಎಂದರೆ ಬಹುಪಾಲು ಎಚ್‌ಎಂಟಿಯೇ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಮಷಿನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ಮಾಡಲು ತೊಡಗಿತು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಮುಚ್ಚಿದರೂ ಗಡಿಯಾರಗಳು ಉಳಿದಿವೆ: ಮದುವೆಯಲ್ಲಿ ಅಳಿಯನ ಕೈಗೆ ಕಟ್ಟಿದ್ದು, ಮಾಸ್ತರರು ನಿವೃತ್ತರಾದಾಗ ಊರವರು ಕೊಟ್ಟಿದ್ದು, ಮೊದಲ ಸಂಬಳದಲ್ಲಿ ಕಂಡಕ್ಟರು ಕೊಂಡಿದ್ದು. ಎಷ್ಟೋ ಮನೆಗಳಲ್ಲಿ ಅವು ಟ್ರಂಕಿನೊಳಗೆ, ಬಟ್ಟೆಯ ಗಂಟಿನಲ್ಲಿ, ನಿಂತ ಮುಳ್ಳುಗಳೊಂದಿಗೆ ಬಿದ್ದಿವೆ. ನಮ್ಮ ಹವ್ಯಾಸ ಶುರುವಾಗುವುದು ಅಲ್ಲಿಂದ.

ಒಂದನೆಯ ಆರೋಪ: ‘ಇದು ನಕಲಿ ಮಾಲಿನ ವ್ಯವಹಾರ’

ಮೂರು ಬೇರೆ ವಸ್ತುಗಳನ್ನು ಒಂದೇ ಲೆಕ್ಕಕ್ಕೆ ಹಿಡಿದಾಗ ಈ ಆರೋಪ ಹುಟ್ಟುತ್ತದೆ. ಮೊದಲನೆಯದು, ರೋಲೆಕ್ಸ್, ಒಮೆಗಾ ಎಂಬ ಹೆಸರು ಅಚ್ಚೊತ್ತಿ ಅಗ್ಗದ ಯಂತ್ರ ತುರುಕಿದ ಮಾಲು. ಇದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಅಪರಾಧ. ಅದರ 103 ಮತ್ತು 104ನೇ ಕಲಮುಗಳು ಇಂಥದ್ದನ್ನು ಮಾಡುವವರಿಗೂ ಮಾರುವವರಿಗೂ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತವೆ. ಆ ವ್ಯವಹಾರವನ್ನು ನಾನು ಸಮರ್ಥಿಸುವುದಿಲ್ಲ, ನನ್ನ ಜೊತೆಯ ಹವ್ಯಾಸಿಗಳೂ ಸಮರ್ಥಿಸಬಾರದು.

ಎರಡನೆಯದು, ಹಳೆಯ ಕಾಲದ ರೂಪವಿರುವ, ಆದರೆ ಯಾರ ಹೆಸರನ್ನೂ ಕದಿಯದ ಗಡಿಯಾರ. ಸೈಕೋ ಸಮೂಹದ ಎನ್‌ಎಚ್35 ಯಂತ್ರ ಬಿಡಿಯಾಗಿ ಸಿಗುತ್ತದೆ: 24 ಜ್ಯುವೆಲ್, ತಾಸಿಗೆ 21,600 ಬಡಿತ, ಒಮ್ಮೆ ಚಾವಿ ತುಂಬಿದರೆ ಸುಮಾರು 41 ತಾಸಿನ ಓಟ. ಅದಕ್ಕೆ ಐವತ್ತರ ದಶಕದ ಶೈಲಿಯ ಕೇಸು, ಹೆಸರಿಲ್ಲದ ಸಾದಾ ಡಯಲ್, ಸಣ್ಣ ಮುಳ್ಳು ಕೂಡಿಸಿದವನು ಯಾರಿಗೂ ಸುಳ್ಳು ಹೇಳಿಲ್ಲ. ಮೂರನೆಯದು, ಸವೆದ ಭಾಗ ಬದಲಿಸಿಕೊಂಡ ಹಳೆಯ ಎಚ್‌ಎಂಟಿ. ಅದರ ಹೆಸರು ಅದರದೇ.

ರೂಪ ಎರವಲು ತರುವುದೇ ತಪ್ಪೆನ್ನುವವರು ಗಡಿಯಾರದ ಇತಿಹಾಸವನ್ನು ಒಮ್ಮೆ ನೋಡಬೇಕು. ನಾವು ಹೆಮ್ಮೆಪಡುವ ಎಚ್‌ಎಂಟಿ ನಿಂತದ್ದು ಸಿಟಿಜನ್ ತಂತ್ರಜ್ಞಾನದ ಮೇಲೆ. ಸ್ವಿಟ್ಜರ್ಲೆಂಡಿನ ವೀನಸ್ ಕಂಪನಿಯ 175 ಎಂಬ ಕ್ರೋನೋಗ್ರಾಫ್ ವಿನ್ಯಾಸವನ್ನೂ ಅದರ ಯಂತ್ರೋಪಕರಣವನ್ನೂ ಅರವತ್ತರ ದಶಕದ ಆರಂಭದಲ್ಲಿ ಚೀನಾದ ಟಿಯಾಂಜಿನ್ ಕಾರ್ಖಾನೆ ಕೊಂಡಿತು. ಆ ವಂಶದ ಯಂತ್ರಗಳು ಸೀಗಲ್ ಹೆಸರಿನಲ್ಲಿ ಇಂದಿಗೂ ತಯಾರಾಗುತ್ತಿವೆ. ವಿದ್ಯೆ ಹೀಗೆ ಕೈಯಿಂದ ಕೈಗೆ ದಾಟಿದ್ದರಿಂದಲೇ ಗಡಿಯಾರ ಸಾಮಾನ್ಯರ ಮಣಿಕಟ್ಟಿಗೆ ಬಂತು. ತಕರಾರು ಇರಬೇಕಾದದ್ದು ಸುಳ್ಳು ಹೆಸರಿನ ಬಗ್ಗೆ.

ಎರಡನೆಯ ಆರೋಪ: ‘ನೀವು ಹಳೆಯ ಗಡಿಯಾರದ ಅಸಲಿತನ ಕೆಡಿಸುತ್ತೀರಿ’

ಇದು ಗಟ್ಟಿಯಾದ ಆಕ್ಷೇಪ, ಸಂಗ್ರಾಹಕರ ಕಾಳಜಿಯೂ ನಿಜವಾದದ್ದು. ಹಳದಿಗೆ ತಿರುಗಿದ ಡಯಲ್ ಒಂದು ದಾಖಲೆ. ಅದನ್ನು ಉಜ್ಜಿ ಹೊಸ ಬಣ್ಣ ಹೊಡೆದರೆ ಆ ದಾಖಲೆ ಹೋದಂತೆಯೇ. ಆದ್ದರಿಂದ ಅಂಕಿ ಓದಲು ಬರುವಷ್ಟು ಚೆನ್ನಾಗಿರುವ ಡಯಲನ್ನು ಮುಟ್ಟಬಾರದು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆದರೆ ಟ್ರಂಕಿನಿಂದ ಹೊರಬರುವ ಎಲ್ಲವೂ ಆ ಸ್ಥಿತಿಯಲ್ಲಿ ಇರುವುದಿಲ್ಲ. ಬೆವರು ಇಳಿದು ಡಯಲಿನ ಬಣ್ಣ ಹೊಪ್ಪಳಿಕೆ ಎದ್ದಿರುತ್ತದೆ, ಮುಳ್ಳು ತುಕ್ಕಿನಿಂದ ಮುರಿದಿರುತ್ತದೆ, ಚಾವಿಯ ಕಡ್ಡಿ ಒಳಗೇ ಕಚ್ಚಿಕೊಂಡಿರುತ್ತದೆ. ‘ನಮ್ಮಪ್ಪನ ಗಡಿಯಾರ ರೀ, ಚಾಲೂ ಆದ್ರ ಸಾಕು’ ಎಂದು ತಂದುಕೊಡುವ ಮಗನಿಗೆ, ಅಸಲಿತನ ಉಳಿಯಲಿ, ನಿಂತೇ ಇರಲಿ ಎಂದು ಹೇಳುವ ಅಧಿಕಾರ ಯಾವ ಸಂಗ್ರಾಹಕನಿಗೂ ಇಲ್ಲ. ನೊಗ ಬದಲಿಸಿದರೆ ಅಪ್ಪನ ಬಂಡಿ ಬೇರೆಯವರ ಬಂಡಿ ಆಗುವುದಿಲ್ಲ.

ಈ ಗಡಿಯಾರಗಳನ್ನು ಮಾಡಿದವರ ಉದ್ದೇಶವೂ ಅದೇ ಆಗಿತ್ತು. ಎಚ್‌ಎಂಟಿಯ ಜನತಾ, ಪೈಲಟ್ ಎಂಬ ಎರಡು ಮಾದರಿಗಳಲ್ಲೂ ಓಡುವುದು 0231 ಎಂಬ ಒಂದೇ 17 ಜ್ಯುವೆಲ್ ಯಂತ್ರ. ಕಪ್ಪು ಡಯಲಿನ ಪೈಲಟ್‌ನ ಚಕ್ರ ಮುರಿದರೆ ಬಿಳಿ ಡಯಲಿನ ಜನತಾದ ಚಕ್ರ ಕೂಡುತ್ತದೆ. ಭಾಗ ಬದಲಿಸಲೆಂದೇ ಕಾರ್ಖಾನೆ ಹೀಗೆ ಯೋಜಿಸಿತ್ತು, ಆ ಕಾಲದ ವಾಚ್ ರಿಪೇರಿಯವರು ನಲವತ್ತು ವರ್ಷ ಮಾಡಿದ್ದೂ ಅದನ್ನೇ.

ಹವ್ಯಾಸಿ ಪಾಲಿಸಬೇಕಾದ ಕಟ್ಟಳೆಗಳೂ ಇವೆ. ತೆಗೆದ ಭಾಗವನ್ನು ಎಸೆಯದೆ ಪೊಟ್ಟಣ ಕಟ್ಟಿ ಗಡಿಯಾರದ ಜೊತೆಗೇ ಕೊಡಬೇಕು. ಕೇಸನ್ನು ಅಂಚು ಕರಗುವಷ್ಟು ಪಾಲಿಶ್ ಮಾಡಬಾರದು. ಬದಲಿ ಡಯಲ್ ಬೇಕಾದರೆ ಇನ್ನೊಂದು ಕೆಟ್ಟ ಎಚ್‌ಎಂಟಿಯಿಂದ ತೆಗೆದದ್ದನ್ನು ಹಾಕಬೇಕು, ಇಲ್ಲವೇ ಹೆಸರಿಲ್ಲದ ಸಾದಾ ಡಯಲ್ ಹಾಕಬೇಕು. ಎಲ್ಲೋ ಅಚ್ಚು ಹಾಕಿಸಿದ ಹೊಸ ‘ಎಚ್‌ಎಂಟಿ’ ಡಯಲ್ ಹಾಕಿದರೆ ಅದು ಮೊದಲ ಆರೋಪದ ಮಾಲಿನ ಸಾಲಿಗೇ ಸೇರುತ್ತದೆ.

ಮೂರನೆಯ ಆರೋಪ: ‘ನಮ್ಮ ಬಿಸಿಲು ಧೂಳಿಗೆ ಇವು ಬಾಳುವುದಿಲ್ಲ’

ತೊಗರಿ ರಾಶಿಯ ದಿನಗಳಲ್ಲಿ ಹೊಲದಿಂದ ಬಂದ ಗಡಿಯಾರವನ್ನು ಒಮ್ಮೆ ಬಿಚ್ಚಿ ನೋಡಿದವರಿಗೆ ಈ ಆಕ್ಷೇಪದ ಹಿಂದಿನ ಅನುಭವ ಅರ್ಥವಾಗುತ್ತದೆ. ಪಟ್ಟಿ ಕೂಡುವ ಸಂದಿಯಲ್ಲಿ ಎರೆಮಣ್ಣು ಬೆವರಿನೊಡನೆ ಕಲಸಿ ಗಟ್ಟಿಯಾಗಿರುತ್ತದೆ. ಹಿಂದಿನ ಮುಚ್ಚಳ ತೆಗೆದರೆ ಅಂಚಿನಲ್ಲಿ ಕಪ್ಪು ಗೆರೆ. ಒಳಗೆ, 40 ಡಿಗ್ರಿ ದಾಟಿದ ಎಷ್ಟೋ ಬೇಸಿಗೆಗಳನ್ನು ಉಂಡ ಎಣ್ಣೆ ಒಣಗಿ ಕಂದು ಅಂಟಾಗಿರುತ್ತದೆ. ಬ್ಯಾಲೆನ್ಸ್ ಚಕ್ರ ಸೋತವರಂತೆ ಅರ್ಧಕ್ಕೇ ತಿರುಗಿ ಹಿಂದೆ ಸರಿಯುತ್ತದೆ.

ಆದರೆ ಈ ಸ್ಥಿತಿ ಸರ್ವಿಸಿಂಗ್ ಇಲ್ಲದೆ ದಶಕಗಳು ಕಳೆದದ್ದರ ಫಲ. ಯಂತ್ರ ದುರ್ಬಲವೆಂದು ಇದರಿಂದ ತೀರ್ಮಾನಿಸಲಾಗದು. ಕೆಲಸದ ಕ್ರಮ ನೋಡಿ. ಮೊದಲು ಮೇನ್‌ಸ್ಪ್ರಿಂಗಿನ ಬಿಗಿಯನ್ನು ಮೆಲ್ಲಗೆ ಇಳಿಸಬೇಕು. ಇಳಿಸದೆ ತಿರುಪು ಬಿಚ್ಚಿದರೆ ಚಕ್ರಗಳು ರಭಸದಿಂದ ತಿರುಗಿ ಹಲ್ಲು ಮುರಿಯಬಹುದು. ಬ್ಯಾಲೆನ್ಸನ್ನು ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗಿನ ಸಮೇತ ಎತ್ತಿ ಬೇರೆ ಇಡಬೇಕು. ಭಾಗಗಳನ್ನು ವೈಟ್ ಪೆಟ್ರೋಲಿನಲ್ಲಿ ತೊಳೆದು, ಚೂಪು ಮಾಡಿದ ಕಡ್ಡಿಯನ್ನು ಒಂದೊಂದು ಜ್ಯುವೆಲ್ಲಿನ ತೂತಿನಲ್ಲೂ ತಿರುವಿ ಕಪ್ಪು ಬರುವುದು ನಿಲ್ಲುವವರೆಗೆ ಒರೆಸಬೇಕು. ಆಮೇಲೆ ಸೂಜಿ ಮೊನೆಯಿಂದ ಎಣ್ಣೆ, ಅದೂ ಜ್ಯುವೆಲ್ಲಿನ ಬಟ್ಟಲಿನ ಅರ್ಧ ಮಾತ್ರ. ಹೆಚ್ಚಾದರೆ ಹರಿದು ಹೇರ್‌ಸ್ಪ್ರಿಂಗಿಗೆ ಅಂಟುತ್ತದೆ, ಗಡಿಯಾರ ಮುಂದೋಡುತ್ತದೆ. ಜೋಡಿಸಿ ಚಾವಿ ಕೊಟ್ಟಾಗ ಬ್ಯಾಲೆನ್ಸ್ ಚಕ್ರ 250 ಡಿಗ್ರಿ ದಾಟಿ ತೂಗಿದರೆ ಕೆಲಸ ಸರಿಯಾಗಿದೆ ಎಂದರ್ಥ.

0231 ಯಂತ್ರ ತಾಸಿಗೆ 18,000 ಬಾರಿ ಬಡಿಯುತ್ತದೆ, ದಿನಕ್ಕೆ 4,32,000 ಬಾರಿ, ವರ್ಷಕ್ಕೆ 15 ಕೋಟಿಗೂ ಹೆಚ್ಚು. ಇಷ್ಟು ದುಡಿದು ಅರ್ಧ ಶತಮಾನದ ನಂತರವೂ ತೊಳೆದು ಎಣ್ಣೆ ಬಿಟ್ಟರೆ ಮತ್ತೆ ಓಡುವ ವಸ್ತುವನ್ನು ಬಾಳಿಕೆಯಿಲ್ಲದ್ದು ಎನ್ನಲು ಹೇಗೆ ಬರುತ್ತದೆ? ರಾಶಿಯ ಕಣಕ್ಕೆ ಕಟ್ಟಿಕೊಂಡು ಹೋಗಬೇಡಿ, ನೀರು ತಾಗಿಸಬೇಡಿ, ನಾಲ್ಕೈದು ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ. ಭೀಮೆಯ ದಂಡೆಯ ಊರುಗಳಲ್ಲಿ ಇದಕ್ಕಿಂತ ಹೆಚ್ಚಿನ ಜೋಪಾನ ಅದಕ್ಕೆ ಬೇಕಿಲ್ಲ.

ನಾಲ್ಕನೆಯ ಆರೋಪ: ‘ಮೊಬೈಲ್ ಇದ್ದಮ್ಯಾಲ ಈ ಹಳಿ ಗಡಿಯಾರ ಯಾಕ ಬೇಕ್ರಿ?’

ಸಮಯದ ಖಚಿತತೆಯಲ್ಲಿ ಮೊಬೈಲಿಗೆ ಸರಿಸಾಟಿಯಾಗುತ್ತದೆ ಎಂದು ಚಾವಿ ಗಡಿಯಾರದ ಪರವಾಗಿ ಯಾರೂ ವಾದಿಸುತ್ತಿಲ್ಲ. ದಿನಕ್ಕೆ ಅರ್ಧ ನಿಮಿಷ ಹೆಚ್ಚು ಕಡಿಮೆಯಾಗುವುದು ಹಳೆಯ ಯಂತ್ರಕ್ಕೆ ಸಹಜ. ದಿನದ 86,400 ಸೆಕೆಂಡುಗಳಲ್ಲಿ 30 ಸೆಕೆಂಡು ತಪ್ಪಿದರೆ ಬಸ್ಸು ತಪ್ಪುವುದಿಲ್ಲ.

ಪ್ರಶ್ನೆ ಇರುವುದು ಖರ್ಚು ಮತ್ತು ಪ್ರಯೋಜನದ್ದು. ಬರ ಬಂದರೆ ಬದುಕು ಅಲ್ಲಾಡುವ ತಾಲ್ಲೂಕುಗಳಿವು, ಇಲ್ಲಿ ಶೋಕಿಗೆ ದುಡ್ಡು ಸುರಿಯಬಾರದು ಎಂಬ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಈ ಹವ್ಯಾಸ ಮನೆಯಲ್ಲಿ ಇರುವ ವಸ್ತುವಿನಿಂದಲೇ ಶುರುವಾಗುತ್ತದೆ. ಒಂದು ಚಿಮಟ, ಸಣ್ಣ ತಿರುಪುಳಿಗಳು, ಕಣ್ಣಿಗಿಡುವ ಭೂತಗನ್ನಡಿ, ಎಣ್ಣೆಯ ಸಣ್ಣ ಶೀಶೆ ಇದ್ದರೆ ಕಲಿಕೆ ಸಾಗುತ್ತದೆ. ಸ್ಮಾರ್ಟ್‌ವಾಚಿನ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋಲುತ್ತದೆ, ಬಿಚ್ಚಿ ಸರಿಪಡಿಸಲು ಆಗದಂತೆ ಅಂಟು ಹಾಕಿ ಮುಚ್ಚಿರುತ್ತಾರೆ. ಈ ಸಂಕಟ ನೋಡಿಯೇ 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿತು. ಟ್ರ್ಯಾಕ್ಟರು, ಮೊಬೈಲುಗಳಿಗೆ ಇಂದು ಕೇಳುತ್ತಿರುವ ಆ ಹಕ್ಕು ಚಾವಿ ಗಡಿಯಾರದಲ್ಲಿ ಮೊದಲಿನಿಂದಲೂ ಇತ್ತು. ತನ್ನ ವಸ್ತುವನ್ನು ತಾನೇ ಬಿಚ್ಚಿ ತಿಳಿದು ಸರಿಪಡಿಸಬಲ್ಲೆ ಎಂಬ ಧೈರ್ಯ ಕಲಿತ ಹುಡುಗ ಮುಂದೆ ಪಂಪ್‌ಸೆಟ್ ಕೆಟ್ಟಾಗಲೂ ಕೈಕಟ್ಟಿ ಕೂರುವುದಿಲ್ಲ.

ಐದನೆಯ ಆರೋಪ: ‘ರಿಪೇರಿಯವರ ಹೊಟ್ಟೆಯ ಮೇಲೆ ಹೊಡೆಯುತ್ತೀರಿ’

ಪೇಟೆಯ ವಾಚ್ ರಿಪೇರಿ ಅಂಗಡಿಗಳ ಮುಂದೆ ನಿಂತು ನೋಡಿ. ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಸೆಲ್ ಹಾಕಿಸಲು, ಪಟ್ಟಿ ಬದಲಿಸಲು ಬಂದವರು. ಚಾವಿ ಗಡಿಯಾರ ಬಿಚ್ಚಬಲ್ಲ ಹಿರಿಯರ ಕೈಗೆ ಅಂಥ ಕೆಲಸವೇ ಬರುವುದಿಲ್ಲ, ಅವರ ಮಕ್ಕಳು ಮೊಬೈಲ್ ರಿಪೇರಿಗೆ ಹೋಗಿದ್ದಾರೆ. ಅವರ ಕೆಲಸ ಕಡಿಮೆ ಮಾಡಿದ್ದು ಮೊದಲು ಕ್ವಾರ್ಟ್ಜ್, ಆಮೇಲೆ ಮೊಬೈಲ್. ಹವ್ಯಾಸಿ ತನ್ನಿಂದಾಗದ ಹೇರ್‌ಸ್ಪ್ರಿಂಗ್ ಕೆಲಸಕ್ಕೆ ಅವರ ಬಳಿಗೇ ಹೋಗುತ್ತಾನೆ, ಅವರ ಡಬ್ಬಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಬಿಡಿಭಾಗ ಕೊಳ್ಳುತ್ತಾನೆ, ಪಕ್ಕದಲ್ಲಿ ಕುಳಿತು ಕಲಿಯುತ್ತಾನೆ. ಹಾಗೆ ಹೋಗದವನಿಗೆ, ಕಲಿಸಿದವರ ಕೂಲಿಗೆ ಚೌಕಾಶಿ ಮಾಡುವವನಿಗೆ ಈ ಟೀಕೆ ತಕ್ಕದ್ದೇ.

ಆರನೆಯ ಆರೋಪ: ‘ಹಳೆಯ ರೇಡಿಯಂ ಡಯಲ್ ಅಪಾಯ’

ಇದನ್ನು ಯಾವ ತಕರಾರೂ ಇಲ್ಲದೆ ಒಪ್ಪಬೇಕು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಅನೇಕ ವಿದೇಶಿ ಗಡಿಯಾರಗಳ ಕತ್ತಲಲ್ಲಿ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇತ್ತು. ಅಮೆರಿಕದ ಕಾರ್ಖಾನೆಗಳಲ್ಲಿ ಆ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುತ್ತಿದ್ದರು. 1920ರ ದಶಕದಲ್ಲಿ ಅವರಲ್ಲಿ ಹಲವರು ದವಡೆಯ ಮೂಳೆ ಕೊಳೆತು ಸತ್ತರು. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ಹೊಳಪು ಸತ್ತರೂ ವಿಕಿರಣ ಉಳಿದಿರುತ್ತದೆ. ಅಂಥ ಡಯಲನ್ನು ಯಾರೂ ಕೆರೆಯಬಾರದು, ಊದಬಾರದು, ಮಕ್ಕಳ ಕೈಗೆ ಕೊಡಬಾರದು. ಯಾವ ಬಣ್ಣವೆಂದು ತಿಳಿಯದಿದ್ದರೆ ಮುಚ್ಚಿಡುವುದೇ ಲೇಸು. ಹೊಸ ಬಣ್ಣ ಬೇಕಾದರೆ, ಜಪಾನಿನ ನೆಮೊಟೊ ಕಂಪನಿ 1993ರಲ್ಲಿ ಹೊರತಂದ ಲೂಮಿನೋವಾದಂಥ ವಿಕಿರಣವಿಲ್ಲದ ಬಣ್ಣ ಸಿಗುತ್ತದೆ.

ಏಳನೆಯ ಆರೋಪ: ‘ಮೋಸದ ಪೇಟೆಗೆ ನೀವೇ ದಾರಿ’

ಕಾರ್ಖಾನೆ ಮುಚ್ಚಿದ ಮೇಲೆ ಎಚ್‌ಎಂಟಿಗೆ ಬೇಡಿಕೆ ಏರಿತು. ಅದರ ಬೆನ್ನಿಗೇ ಕಾರ್ಖಾನೆ ಎಂದೂ ಮಾಡದ ಬಣ್ಣಬಣ್ಣದ ಡಯಲುಗಳ ‘ಅಪರೂಪದ’ ಜನತಾಗಳು ಮಾರಾಟಕ್ಕೆ ಬಂದವು. ಕೊಂಡವರು ಮೋಸ ಹೋದರು ಎಂಬುದು ನಿಜ. ಆದರೆ ಆ ಮೋಸವನ್ನು ಹಿಡಿಯಬಲ್ಲವರು ಯಾರು? ಮುಚ್ಚಳ ತೆಗೆದು ನೋಡಿದವರು. ಅಚ್ಚಿನ ಅಕ್ಷರದ ಅಂಚು ಒಡೆದಿದೆಯೇ, ಸೆಕೆಂಡಿನ ಗೆರೆಗಳು ಸಮನಾಗಿವೆಯೇ, ಮುಳ್ಳಿನ ಉದ್ದ ಡಯಲಿಗೆ ಹೊಂದುತ್ತದೆಯೇ, ಕೇಸಿನ ಸವೆತಕ್ಕೂ ಡಯಲಿನ ಹೊಳಪಿಗೂ ತಾಳೆಯಾಗುತ್ತದೆಯೇ ಎಂದು ಅವರೇ ಹೇಳಬಲ್ಲರು. ಈ ತಿಳಿವಳಿಕೆ ಹರಡಿದಷ್ಟೂ ಮೋಸಗಾರನಿಗೆ ಜಾಗ ಕಡಿಮೆ. ಹವ್ಯಾಸವನ್ನೇ ನಿಂದಿಸಿ ನಿಲ್ಲಿಸಿದರೆ ತಿಳಿದವರು ಇಲ್ಲವಾಗುತ್ತಾರೆ, ಮೋಸಗಾರ ಮಾತ್ರ ಉಳಿಯುತ್ತಾನೆ.

ನಮ್ಮ ಕಡೆಯ ಹೊಣೆಯೂ ಇಲ್ಲಿಯೇ ಇದೆ. ಗಡಿಯಾರ ಯಾರಿಗೆ ಕೊಟ್ಟರೂ, ಮಾರಿದರೂ ಉಡುಗೊರೆ ಕೊಟ್ಟರೂ, ಒಂದು ಚೀಟಿ ಬರೆದುಕೊಡಬೇಕು: ಯಂತ್ರ ಯಾವುದು, ಡಯಲ್ ಎಲ್ಲಿಂದ ಬಂತು, ಯಾವ ಮುಳ್ಳು ಬದಲಾಗಿದೆ, ಯಾವಾಗ ಎಣ್ಣೆ ಬಿಟ್ಟದ್ದು. ಚೀಟಿ ಬರೆಯಲು ಹಿಂದೆಮುಂದೆ ನೋಡುವವನನ್ನು ಹವ್ಯಾಸಿ ಎಂದು ನಾವು ಒಪ್ಪಬಾರದು.

ಟೀಕಿಸುವ ಸಂಗ್ರಾಹಕರಲ್ಲಿ ನನ್ನದೊಂದು ಕೋರಿಕೆ. ಯಾವ ಮಾದರಿಗೆ ಯಾವ ಡಯಲ್, ಯಾವ ಮುಳ್ಳು ಕಾರ್ಖಾನೆಯಿಂದ ಬಂದಿತ್ತು ಎಂಬ ತಿಳಿವಳಿಕೆ ನಿಮ್ಮಲ್ಲಿದೆ. ಆಳಂದ, ಅಫಜಲಪುರ, ಜೇವರ್ಗಿಯ ಹಿರಿಯ ರಿಪೇರಿಯವರ ಬಳಿ ಕೈಯ ವಿದ್ಯೆ ಇದೆ. ಇವೆರಡನ್ನೂ ಕನ್ನಡದಲ್ಲಿ, ಚಿತ್ರ ಸಮೇತ, ಒಂದು ಕೈಪಿಡಿಯಾಗಿ ಬರೆದಿಡಬೇಕು. ಬರೆಯಲು, ಚಿತ್ರ ತೆಗೆಯಲು, ಭಾಗಗಳನ್ನು ಬಿಚ್ಚಿ ತೋರಿಸಲು ನಾವು ಸಿದ್ಧ. ಆ ಕೈಪಿಡಿ ಬಂದ ದಿನ, ಅದನ್ನು ಮೀರಿ ಕೆಲಸ ಮಾಡುವವನನ್ನು ನೀವು ಹೆಸರು ಹಿಡಿದು ಖಂಡಿಸಿ. ನಾವೂ ನಿಮ್ಮ ಜೊತೆ ನಿಲ್ಲುತ್ತೇವೆ.