ತಾಯತವೂ ಹೋರಿಯ ವೇಗವೂ

ಕಣಕ್ಕಿಳಿಯುವ ಮುನ್ನ ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳದ ಪೈಲವಾನನಾಗಲಿ ಕಬಡ್ಡಿ ಆಟಗಾರನಾಗಲಿ ನಮ್ಮ ಸೀಮೆಯಲ್ಲಿ ಸಿಗುವುದು ಅಪರೂಪ. ದೀಪಾವಳಿ ಬಂದಿತೆಂದರೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಹಳ್ಳಿಗಳಲ್ಲಿ ಇಂಥ ಶುಭಾಚರಣೆ ಹೋರಿಗೂ ಸಲ್ಲುತ್ತದೆ. ಕೊರಳಿಗೆ ಕೊಬ್ಬರಿಯ ಸರ ಕಟ್ಟಿ ಜನಸಂದಣಿಯ ನಡುವೆ ಓಡಿಸುವ ಮುನ್ನ ಅದಕ್ಕೆ ಪೂಜೆ ಮಾಡಿ ದೃಷ್ಟಿ ತೆಗೆಯುತ್ತಾರೆ. ಕೊಬ್ಬರಿ ಹರಿಯಲು ನಿಂತ ತರುಣನೂ ತೋಳಿನ ತಾಯತವನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಾನೆ. ಅಂಥ ತರುಣರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಉಂಟಷ್ಟೆ; ಆದುದರಿಂದ ಈ ನಾಲ್ಕು ಮಾತು.

ಇಂಥ ನಂಬಿಕೆ ಹುಟ್ಟುವ ಬಗೆ ಸ್ವಾರಸ್ಯಕರವಾದುದು. 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರನು ಹಸಿದ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಏನು ಮಾಡಿದರೂ ಮಾಡದಿದ್ದರೂ ಗೊತ್ತಾದ ಅವಧಿಗೊಮ್ಮೆ ಆಹಾರ ದೊರೆಯುವಂತೆ ಏರ್ಪಡಿಸಿದನು. 8ರಲ್ಲಿ 6 ಪಾರಿವಾಳಗಳು ಒಂದೊಂದು ಚೇಷ್ಟೆಗೆ ಅಂಟಿಕೊಂಡವು. ಒಂದು ಗಿರ್ರನೆ ಸುತ್ತುತ್ತಿತ್ತು. ಇನ್ನೊಂದು ಪೆಟ್ಟಿಗೆಯ ಮೂಲೆಗೆ ತಲೆ ಚಾಚುತ್ತಿತ್ತು. ಆಹಾರ ಬಂದಾಗ ತಾನು ಮಾಡುತ್ತಿದ್ದುದೇ ಆಹಾರಕ್ಕೆ ಕಾರಣವೆಂಬಂತೆ ಹಕ್ಕಿ ವರ್ತಿಸುತ್ತದೆಂದು ಸ್ಕಿನ್ನರನು ಬರೆದನು. ಆ ವಿವರಣೆಯನ್ನು ಮುಂದೆ ಕೆಲವರು ಒಪ್ಪಲಿಲ್ಲ. ಆದರೂ ಗೆದ್ದ ದಿನದ ಅಂಗಿಯನ್ನೇ, ಒಗೆಯದೆ, ಮತ್ತೆ ತೊಡುವ ಆಟಗಾರನ ನೆನಪು ನಮಗಂತೂ ಬಾರದಿರದು.

ಮಣ್ಣು ಮುಟ್ಟುವುದನ್ನು ನಾವು ಹಳಿಯುವುದಿಲ್ಲ. ಎದೆ ಡವಗುಟ್ಟುವ ಗಳಿಗೆಯಲ್ಲಿ ಪರಿಚಿತ ಕ್ರಮವೊಂದು ಮನಸ್ಸನ್ನು ನೆಲೆಗೊಳಿಸಿದರೆ ಬೇಡವೆನ್ನುವವರಾರು? ಆದರೆ ಕಬಡ್ಡಿಯಲ್ಲಿ ಲೆಕ್ಕ ತಪ್ಪಿದರೆ ಹೋಗುವುದು ಒಂದು ಅಂಕ. ಹೋರಿಯೆದುರು ಹೋಗುವುದು ಪ್ರಾಣ.

ಹೋರಿಯ ತೂಕ 400 ಕಿಲೋಗ್ರಾಂ, ವೇಗ ಸೆಕೆಂಡಿಗೆ 8 ಮೀಟರ್ ಎಂದಿಟ್ಟುಕೊಳ್ಳೋಣ. ಅದರ ಚಲನಶಕ್ತಿ 12,800 ಜೌಲ್. 60 ಕಿಲೋಗ್ರಾಂ ತೂಕದ ಮನುಷ್ಯನು ಸುಮಾರು 22 ಮೀಟರ್ ಎತ್ತರದಿಂದ ಬಿದ್ದು ನೆಲ ಮುಟ್ಟುವಾಗ ಅವನಲ್ಲಿರುವ ಶಕ್ತಿಯೂ ಇಷ್ಟೇ. ಹೋರಿಯ ಶಕ್ತಿಯೆಲ್ಲವೂ ಎದುರಿದ್ದವನ ಮೈಗೆ ಇಳಿಯದು, ನಿಜ. ಕೊಂಬಿನ ತುದಿಯಷ್ಟು ಅಲ್ಪ ಜಾಗದಲ್ಲಿ ಹತ್ತರಲ್ಲೊಂದು ಪಾಲು ಇಳಿದರೂ ಪಕ್ಕೆಲುಬು ತಾಳಲಾರದು. ತಾಯತವು ಆ ತೂಕದಲ್ಲಿ ಒಂದು ಗುಲಗಂಜಿಯನ್ನೂ ತಗ್ಗಿಸದು. ಹೋದ ವರ್ಷ ಅದೇ ಕಾಯಿತೆನ್ನುವ ತರುಣನು, ತಾಯತ ಕಟ್ಟಿಕೊಂಡೇ ಆಸ್ಪತ್ರೆ ಸೇರಿದವರನ್ನೂ ಎಣಿಸಬೇಡವೆ?

2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೋರಿಯ ತಿವಿತಕ್ಕೆ ಬಲಿಯಾದವರಲ್ಲಿ ವೃದ್ಧರೂ ಇದ್ದರು. ಕೊಬ್ಬರಿಯ ಆಸೆಯೇ ಇಲ್ಲದವರನ್ನು ಕಾಯುವುದು ಗಟ್ಟಿಯಾದ ಬೇಲಿ, ಹೋರಿ ಓಡುವ ಹಾದಿಯಿಂದ ಅವರನ್ನು ದೂರವಿರಿಸುವ ಏರ್ಪಾಡು, ಸಿದ್ಧವಾಗಿ ನಿಂತ ಆಂಬುಲೆನ್ಸ್. ಈ ವರ್ಷ ಹಬ್ಬಕ್ಕೆ ಊರಿಗೆ ಹೋಗುವ ವಿದ್ಯಾರ್ಥಿಗಳು, ದೃಷ್ಟಿ ತೆಗೆಯುವವರು ತಮ್ಮ ಕೆಲಸದಲ್ಲಿರುವಾಗ, ಬೇಲಿಯ ಗೂಟಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಲಿ.